ಕಾಗೆಗಳ ಮೇಲಧಿಕಾರಿ

ನೀವು ನಂಬುವುದಿಲ್ಲ, ಆದರೂ ಹೇಳುತ್ತೇನೆ: ಕಳೆದ ಬೇಸಿಗೆಯಲ್ಲಿ ಸಿದ್ದಾಪುರದ ಅರ್ಧ ಕಾಗೆಗಳು ನನ್ನ ಕೈಕೆಳಗಿದ್ದವು.

ಹತ್ತನೆಯ ತರಗತಿ ಪರೀಕ್ಷೆ ಮುಗಿದಿತ್ತು. ಹಲಸಿನ ಹಪ್ಪಳ ಮಾಡಿ ಮಾರುವ ಅಕ್ಕನೊಬ್ಬರ ಮನೆಗೆ ಅಮ್ಮ ನನ್ನನ್ನು ಕೆಲಸಕ್ಕೆ ಕಳಿಸಿದಳು. ಮಳೆಗಾಲದವರೆಗೂ ಬರುತ್ತಾಳೆ ಎಂದು ಅವರಿಗೆ ಮಾತನ್ನೂ ಕೊಟ್ಟಳು. ಮೊದಲ ವಾರ ಸ್ವರ್ಗ. ಐದಾರು ಹೆಂಗಸರ ಜೊತೆ ಕೂತು, ಹಿಟ್ಟಿನ ಉಂಡೆಯನ್ನು ಎರಡು ಪ್ಲಾಸ್ಟಿಕ್ ಹಾಳೆಗಳ ನಡುವೆ ಇಟ್ಟು ಮಣೆಯಿಂದ ಒತ್ತುವುದು. ಚಾ ಯಾವಾಗ, ಉಂಡೆ ಕಟ್ಟುವುದು ಯಾರು, ಎಲ್ಲ ನಮ್ಮದೇ ತೀರ್ಮಾನ. ಹಸಿ ಹಿಟ್ಟಿಗೆ ಕೊಬ್ಬರಿ ಎಣ್ಣೆ ಹಚ್ಚಿ ತಿನ್ನುವುದಂತೂ ಹಪ್ಪಳದಷ್ಟೇ ಹಳೆಯ ಹಕ್ಕು. ನಾನು ದಿನಕ್ಕೆ ನಾಲ್ಕುನೂರು ಹಪ್ಪಳ ಒತ್ತುತ್ತಿದ್ದೆ. ಸರಿ, ನೂರು.

ಆಮೇಲೆ ಅಕ್ಕ ಅಳತೆಗೆಂದು ಒಂದು ಸ್ಟೀಲ್ ಬಳೆ ತಂದರು. ಅದರೊಳಗೆ ಕೂರದ ಹಪ್ಪಳ ವಾಪಸ್ ಹಿಟ್ಟಿಗೆ. ಚಾಕ್ಕೆ ಗಂಟೆ ನಿಗದಿಯಾಯಿತು, ಹಿಟ್ಟು ತಿನ್ನುವುದು ನಿಂತಿತು. ನನ್ನ ಹಪ್ಪಳಗಳೆಲ್ಲ ತಾಲೂಕಿನ ನಕ್ಷೆಯಂತಿದ್ದುದರಿಂದ ನನ್ನನ್ನು ತಾರಸಿಗೆ ಹತ್ತಿಸಿದರು. ಒಣಹಾಕಿದ ಹಪ್ಪಳಕ್ಕೆ ಕಾಗೆ ಬಾರದಂತೆ ಕಾಯಬೇಕು. ಒಂದು ಕೊಡೆ, ಒಂದು ಕೋಲು, ಕರೆಯದೆ ಇಳಿಯುವಂತಿಲ್ಲ. ಮಾಡಲು ಏನೂ ಇಲ್ಲದ ಆ ಕೆಲಸದಲ್ಲಿ ಸಂಜೆಗೆ ನೂರು ಹಪ್ಪಳ ಒತ್ತಿದ್ದಕ್ಕಿಂತ ಹೆಚ್ಚು ಸುಸ್ತು. ಕೆಳಗಿನವರು ನನಗೆ ಮೇಲಧಿಕಾರಿ ಎಂದು ಹೆಸರಿಟ್ಟು ನಗುವುದು ಅಲ್ಲಿಗೇ ಕೇಳುತ್ತಿತ್ತು. ಬಿಟ್ಟುಬಿಡುತ್ತೇನೆ ಎಂದರೆ, ಕೊಟ್ಟ ಮಾತು ತಪ್ಪುವಂತಿಲ್ಲ ಎಂದಳು ಅಮ್ಮ.

ಹಾಗಾಗಿ ಉಪಾಯ ಹೂಡಿದೆ. ಕಾಯಲು ನಾನು ಲಾಯಕ್ಕಲ್ಲ ಎಂದಾದರೆ ಮತ್ತೆ ಮಣೆಯ ಮುಂದೆ ಕೂರಿಸುತ್ತಾರಲ್ಲ. ಬೆಳಿಗ್ಗೆ ಹತ್ತುವಾಗಲೇ ಹಿಟ್ಟು ಕದ್ದು ತಂದು ಹಪ್ಪಳ ಹರವಿದ ಚಾಪೆಯ ಅಂಚಿಗೆ ಚೆಲ್ಲಿದೆ. ಕಾಗೆಗಳು ಬಂಧುಬಳಗ ಸಮೇತ ಬಂದವು, ಹಿಟ್ಟು ತಿಂದವು, ಹಪ್ಪಳದ ಕಡೆ ತಿರುಗಿಯೂ ನೋಡದೆ ಹೋದವು. ಮೂರು ದಿನ ಹೀಗೇ. ಒಂದು ಹಪ್ಪಳವೂ ಕಡಿಮೆಯಾಗದ್ದನ್ನು ಕಂಡು ಅಕ್ಕನಿಗೆ ಪರಮಾನಂದ.

"ನಿನ್ನಾಂಗೆ ಕಾಯವ್ವು ಯಾರೂ ಸಿಕ್ಕಿದ್ದಿಲ್ಲೆ ತಂಗೀ. ಇನ್ನು ಮೇಲೆ ನೀನೇ ಇರು."

ನಾಲ್ಕನೆಯ ದಿನ ಹಿಟ್ಟನ್ನು ಹಪ್ಪಳದ ಮೇಲೇ ಇಟ್ಟೆ. ಮೊದಲ ಕಾಗೆ ಕೊಕ್ಕು ಹಾಕಿತು. ಸಂತೋಷದಿಂದ ತಿರುಗಿದರೆ, ಮೆಟ್ಟಿಲಲ್ಲಿ ಅಮ್ಮ. ನನಗೆಂದು ಮಜ್ಜಿಗೆ ತಂದಿದ್ದಳು.

"ಎಂತ ಮಾಡ್ತಾ ಇದ್ದೆ ಕೂಸೆ?"

ನಾಲ್ಕು ಸುಳ್ಳು ನಾಲಿಗೆ ತುದಿಯಲ್ಲೇ ಇದ್ದವು. ಬಾಯಿಂದ ಬಂದದ್ದು ಬೇರೆ. "ನಂಗೆ ಇಲ್ಲಿ ಆಗ್ತಿಲ್ಲೆ ಅಮ್ಮಾ."

ಅವಳು ಬೈಯಲಿಲ್ಲ. ನನ್ನ ಕೈಯಿಂದ ಕೋಲು ತೆಗೆದುಕೊಂಡು ಕಾಗೆ ಓಡಿಸಿದಳು. ಸೆರಗು ಸಿಕ್ಕಿಸಿ ಕೊಡೆಯ ಕೆಳಗೆ ಕೂತಳು.

"ನೀ ಮನೆಗೆ ಹೋಗು. ಮಾತು ಕೊಟ್ಟಿದ್ದು ಆನು, ನೀನಲ್ಲ."