ಪರದೆಯ ಮುಂದೆ ಒಬ್ಬರೇ

ಹುಡುಗಿಯ ಎಡಗಿವಿಯ ಹಿಂದೆ, ಕೂದಲು ಶುರುವಾಗುವ ಕಡೆ, ಒಂದು ಬೆರಳಿನಷ್ಟು ಬಿಳಿ ಬಣ್ಣ ಉಳಿದಿತ್ತು. ಮುಖವನ್ನೆಲ್ಲ ಕೊಬ್ಬರಿ ಎಣ್ಣೆ ಹಚ್ಚಿ ತಿಕ್ಕಿ ತೊಳೆದವರು ಅಲ್ಲಿ ಮಾತ್ರ ಮರೆಯುತ್ತಾರೆ. ಕನ್ನಡಿಯಲ್ಲಿ ಅದು ಕಾಣುವುದಿಲ್ಲ.

ಧಾರವಾಡದ ನಮ್ಮ ಕಾಲೇಜಿನ ವಾರ್ಷಿಕ ಗ್ಯಾದರಿಂಗಿನ ಮರುದಿನ ನನ್ನ ತರಗತಿಯ ಹುಡುಗಿಯೊಬ್ಬಳು ನೋಟುಬುಕ್ಕು ತೋರಿಸಲು ಬಂದು ಮೇಜಿನ ಪಕ್ಕ ನಿಂತಿದ್ದಳು. ಅವಳ ಮೈಯಿಂದ ಎಣ್ಣೆಯಲ್ಲಿ ಕಲಸಿದ ಸಫೇದಾ ಎಂಬ ಬಿಳಿ ಬಣ್ಣದ ವಾಸನೆ ಇನ್ನೂ ಬರುತ್ತಿತ್ತು. ಹಿಂದಿನ ದಿನದ ನಾಟಕದಲ್ಲಿ, ಒಳಗೆ ದೃಶ್ಯ ಬದಲಿಸುವಷ್ಟು ಹೊತ್ತು, ಅವಳು ಪರದೆಯ ಮುಂದೆ ಒಬ್ಬಳೇ ನಿಂತು ಸಭೆಯನ್ನೆಲ್ಲ ನಗಿಸಿದ್ದಳು. ಯಾರು ಕಲಿಸಿದರು ಎಂದು ಕೇಳಿದೆ.

"ಯಾರೂ ಕಲಿಸಿಲ್ರಿ ಮೇಡಂ. ಕಂಪನಿ ನಾಟಕದಾಗ ಹೆಣ್ಮಕ್ಕಳು ಹಿಂಗ ಬಂದು ನಿಂತು ಮಾತಾಡ್ತಾರಲ್ರಿ, ಅದನ್ನ ನೋಡೇನಿ."

ಮೊದಲಿನಿಂದಲೂ ಹಾಗೆಯೇ ಇತ್ತು ಎಂಬಂತೆ ಹೇಳಿದಳು. ನಾನು "ಹೌದು" ಎಂದಷ್ಟೇ ಹೇಳಿ ನೋಟುಬುಕ್ಕು ಮರಳಿಸಿದೆ. ಅದು ಹಾಗಿರದಿದ್ದ ಕಾಲವನ್ನು ನಾನು ನೋಡಿದ್ದೇನೆ. ಹಾಗಾದ ದಿನವನ್ನೂ ನೋಡಿದ್ದೇನೆ.

ಆಗ ನನಗೆ ಹನ್ನೊಂದು ವರ್ಷ. ಹುಬ್ಬಳ್ಳಿಯ ದುರ್ಗದಬೈಲಿನ ಹಿಂದಿನ ಓಣಿಯ ಒಂದು ಚಾಳದಲ್ಲಿ ನಮ್ಮದು ಎರಡು ಖೋಲಿ, ಪಕ್ಕದ ಒಂದು ಖೋಲಿಯಲ್ಲಿ ಒಬ್ಬ ಹೆಂಗಸು ಇದ್ದರು. ನಾನು ಅವರನ್ನು ಮೌಶಿ, ಎಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದೆ. ರಕ್ತಸಂಬಂಧವೇನೂ ಇರಲಿಲ್ಲ. ಊರಲ್ಲಿ ಕ್ಯಾಂಪು ಹಾಕಿದ್ದ ನಾಟಕ ಕಂಪನಿಯಲ್ಲಿ ಅವರು ನಟಿ. ನಾಟಕದವಳು ಚಾಳಕ್ಕೆ ಬಂದಳೆಂದು ನಳದ ಹತ್ತಿರ ಗುಸುಗುಸು ಎದ್ದಾಗ ನಮ್ಮ ಆಯಿ, ಎಂದರೆ ತಂದೆಯ ತಾಯಿ, ಕೊಡ ಇಳಿಸಿ ಒಂದೇ ಮಾತು ಹೇಳಿದ್ದಳು: "ಆಕಿ ಬಣ್ಣ ಹಚ್ಚಿಕೊಂಡಿದ್ದು ಎಲ್ಲಾರಿಗೂ ಕಾಣತೈತಿ. ನೀವು ಹಚ್ಚಿಕೊಂಡಿದ್ದು ಕಾಣಂಗಿಲ್ಲ, ಅಷ್ಟ."

ಆಮೇಲೆ ಗುಸುಗುಸು ನಿಂತಿತು. ಆಯಿಯ ಎದುರಿಗಂತೂ ನಿಂತಿತು.

ಮೌಶಿ ಪ್ರತಿ ನಾಟಕದಲ್ಲೂ ಹಾಸ್ಯಗಾರನ ಹೆಂಡತಿ. ಪಾತ್ರದ ಹೆಸರು ಬದಲಾಗುತ್ತಿತ್ತು, ಕೆಲಸ ಒಂದೇ. ಆತ ಬೈಯುತ್ತಿದ್ದ, ಸೀಳಿದ ಬಿದಿರಿನಿಂದ ಹೊಡೆಯುತ್ತಿದ್ದ, ಇವರು ಬೀಳುತ್ತಿದ್ದರು, ಜನ ನಗುತ್ತಿದ್ದರು. ಅವರ ಮಣಿಕಟ್ಟಿನ ಮೇಲೆ ಹಸಿರುಗಟ್ಟಿದ ಗೆರೆಯೊಂದನ್ನು ನಾನು ದಿಟ್ಟಿಸುತ್ತಿದ್ದಾಗ ಸೆರಗು ಎಳೆದುಕೊಂಡು ಹೇಳಿದ್ದರು: "ಸೀಳಿದ ಬಿದಿರು ಭಾಳ ನೋಯಂಗಿಲ್ಲ ತಂಗಿ, ಸಪ್ಪಳ ಜಾಸ್ತಿ. ಮಂದಿ ನಗೂದು ಆ ಸಪ್ಪಳಕ್ಕ. ನನ್ನ ಮಾತಿಗೆ ಒಂದಿನಾನೂ ಯಾರೂ ನಕ್ಕಿಲ್ಲ."

ಅವರಿಗೆ ಬೇಕಾಗಿದ್ದುದು ಹತ್ತು ನಿಮಿಷ. ಅರಮನೆಯ ದೃಶ್ಯ ಮುಗಿದು ಅಡವಿಯ ದೃಶ್ಯ ಬರುವ ಮೊದಲು ಮುಂದಿನ ಪರದೆ ಬೀಳುತ್ತದೆ. ಒಳಗೆ ಕಂಬಗಳನ್ನು ತೆಗೆದು ಗಿಡಗಳನ್ನು ನಿಲ್ಲಿಸುವವರೆಗೆ ಹಾಸ್ಯಗಾರ ಒಬ್ಬನೇ ಪರದೆಯ ಮುಂದೆ ಬಂದು ಜನರನ್ನು ಹಿಡಿದಿಡಬೇಕು. ಆ ಜಾಗದಲ್ಲಿ ಒಬ್ಬರೇ ನಿಂತು ಮಾತಾಡಬೇಕೆಂದು ಮೌಶಿ ಎರಡು ವರ್ಷದಿಂದ ಕಂಪನಿಯ ಮಾಲಕರನ್ನು ಕೇಳುತ್ತಿದ್ದರು. "ಒಂಟಿ ಹೆಣಮಗಳು ನಿಂತ್ರ ಮಂದಿ ಸೀಟಿ ಹೊಡೀತಾರ, ನಗಂಗಿಲ್ಲ" ಎಂಬುದು ಅವರ ಉತ್ತರ. ಕೊನೆಗೆ, ಹೆಂಗಸರಿಗೆಂದೇ ಇಟ್ಟಿದ್ದ ಒಂದು ರವಿವಾರ ಮಧ್ಯಾಹ್ನದ ಆಟದಲ್ಲಿ ಅವಕಾಶ ಕೊಟ್ಟರು. ಶರತ್ತು ಒಂದೇ: ಅಂದು ನಗದಿದ್ದರೆ ಮತ್ತೆಂದೂ ಆ ಮಾತು ಎತ್ತಕೂಡದು.

"ಹೆಂಗಸರು ನಗಲಿಲ್ಲಂದ್ರ ಮತ್ತ ಬಿದಿರಿನ ಕೈಯಾಗ ಸಿಕ್ಕೆ ನೋಡ್ರಿ ಆಯಿ" ಎಂದು ನಮ್ಮ ಹೊಸ್ತಿಲಲ್ಲಿ ಕೂತು ಹೇಳಿದರು. ನಗುತ್ತಲೇ ಹೇಳಿದರು. ಆದರೆ ಹೊಸ್ತಿಲ ಮೇಲೆ ಇಟ್ಟಿದ್ದ ಕೈಯನ್ನು ತೆಗೆಯಲೇ ಇಲ್ಲ...

ಅಲ್ಲಿಂದ ಎರಡು ವಾರ ಪ್ರತಿ ಮಧ್ಯಾಹ್ನ ನಮ್ಮ ಮನೆಯಲ್ಲಿ ತಾಲೀಮು. ಆಯಿ ಮೊರದಲ್ಲಿ ಜೋಳ ಹಸನು ಮಾಡುತ್ತ ಕೂತಿರುತ್ತಿದ್ದಳು. ಎದುರಿಗೆ ಮೌಶಿ ನಿಂತು ಮಾತಾಡುತ್ತಿದ್ದರು. ಆಯಿ ನಗುವವಳಲ್ಲ, ಅವಳು ನಕ್ಕಿದ್ದನ್ನು ನಾನು ಕಂಡೇ ಇರಲಿಲ್ಲ. ಆದರೆ ಮಾತು ಮನಸ್ಸಿಗೆ ಹಿಡಿಸಿದರೆ ಜೋಳದ ಮೇಲೆ ಆಡುತ್ತಿದ್ದ ಅವಳ ಕೈ ಒಂದು ಕ್ಷಣ ನಿಲ್ಲುತ್ತಿತ್ತು. ಮಾತುಗಳನ್ನು ಬರೆದಿದ್ದ ಹಾಳೆಯಲ್ಲಿ ಅದನ್ನು ಗುರುತು ಹಾಕಿಕೊಳ್ಳುವುದು ನನ್ನ ಕೆಲಸ. ಕೈ ನಿಂತ ಮಾತು ಉಳಿಯುತ್ತಿತ್ತು, ನಿಲ್ಲದ ಮಾತನ್ನು ಮೌಶಿ ಅಂದೇ ಕೈಬಿಡುತ್ತಿದ್ದರು.

"ನಮ್ಮತ್ತಿಗೆ ಕಿವಿ ಕೇಳಂಗಿಲ್ರಿ. ಎದುರಿಗೆ ನಿಂತು ಒದರಿದ್ರೂ ಕೇಳಂಗಿಲ್ಲ. ಆದ್ರ ನಾ ಅಡಗಿಮನ್ಯಾಗ ಬೆಲ್ಲ ಬಾಯಾಗ ಹಾಕ್ಕೊಂಡೆ ಅಂದ್ರ, ಗುಡ್ಯಾಗ ಕುಂತಾಕಿ ಅಲ್ಲಿಂದನ ಕೇಳ್ತಾಳ, 'ಎಷ್ಟು ತಿಂದಿ?'"

ಆಯಿ ತಲೆಯೆತ್ತದೆ ಹೇಳಿದಳು: "ಬೆಲ್ಲ ಬ್ಯಾಡ. ಬೆಲ್ಲಕ್ಕ ಸಪ್ಪಳೆಲ್ಲಿ ಐತಿ? ಪುಟಾಣಿ ಅನ್ನು."

ಬೆಲ್ಲ ಹೋಗಿ, ಕಡಿದರೆ ಸಪ್ಪಳಾಗುವ ಹುರಿಗಡಲೆ, ಎಂದರೆ ಪುಟಾಣಿ, ಬಂತು. ಕೈ ನಿಂತಿತು. ನಾನು ಗುರುತು ಹಾಕಿದೆ. ಹೀಗೆ ಏಳು ಕಡೆ ಗುರುತುಗಳಾದವು. ಒಳಗೆ ರೊಟ್ಟಿ ಬಡಿಯುತ್ತಿದ್ದ ಅವ್ವನನ್ನು ನಮ್ಮಲ್ಲಿ ಯಾರೂ ಏನೂ ಕೇಳಲಿಲ್ಲ.

ಆ ರವಿವಾರ ತಗಡಿನ ಥೇಟರು ಕಿಕ್ಕಿರಿದಿತ್ತು. ಆಯಿ, ಅವ್ವ, ನಾನು ಮೂರನೆಯ ಸಾಲಿನಲ್ಲಿದ್ದೆವು. ಪರದೆ ಬಿತ್ತು. ಮೌಶಿ ಇಳಕಲ್ ಸೀರೆಯುಟ್ಟು, ಕಂಕುಳಲ್ಲಿ ಖಾಲಿ ಕೊಡ ಇಟ್ಟುಕೊಂಡು ಬಂದರು. ಮೊದಲ ಗುರುತು ಬಂತು, ಹೋಯಿತು. ಯಾರೂ ನಗಲಿಲ್ಲ. ಎರಡನೆಯದಕ್ಕೂ ಇಲ್ಲ. ಪುಟಾಣಿಯ ಮಾತಿಗೂ ಇಲ್ಲ... ಹಿಂದೆಲ್ಲೋ ಒಂದು ಕೂಸು ಅತ್ತಿತು. ಪರದೆಯ ಅಂಚಿನಲ್ಲಿ ನಿಂತಿದ್ದ ಮಾಲಕರ ಕೈ ಗಂಟೆಯ ಹಗ್ಗದ ಮೇಲಿದ್ದುದು ನನಗೆ ಕಾಣುತ್ತಿತ್ತು. ಗಂಟೆ ಹೊಡೆದರೆ ಮೌಶಿ ಒಳಗೆ ಹೋಗಬೇಕು.

ಆಗ ಅವ್ವನನ್ನು ನೋಡಿದೆ. ಸೆರಗಿನ ತುದಿಯನ್ನು ಬಾಯಲ್ಲಿ ತುರುಕಿಕೊಂಡಿದ್ದಳು. ಕಣ್ಣಲ್ಲಿ ನೀರು. ಓರೆಗಣ್ಣಿನಿಂದ ಆಯಿಯನ್ನು ನೋಡುತ್ತ ಉಸಿರು ಬಿಗಿಹಿಡಿದಿದ್ದಳು. ಮುಂದಿನ ಸಾಲಿನಲ್ಲೂ ಹಾಗೆ, ಅದರ ಮುಂದೆಯೂ ಹಾಗೆ. ಹೆಂಗಸರ ಆಟಕ್ಕೆ ಸೊಸೆ ಒಬ್ಬಳೇ ಬರುವುದಿಲ್ಲ, ಅತ್ತೆಯ ಜೊತೆ ಬರುತ್ತಾಳೆ. ಅತ್ತೆಯ ಎದುರಿಗೆ ಸೊಸೆ ದನಿ ತೆಗೆದು ನಗುವ ರೂಢಿ ನಮ್ಮಲ್ಲಿಲ್ಲ. ಸೊಸೆ ಪಕ್ಕದಲ್ಲಿರುವಾಗ ಅತ್ತೆಯೂ ನಗುವುದಿಲ್ಲ. ನಾವು ಎರಡು ವಾರ ಒಬ್ಬ ಅತ್ತೆಯ ಕೈಯನ್ನು ಮಾತ್ರ ನೋಡಿದ್ದೆವು. ಅದು ನನಗೆ ಆಗ ತಿಳಿಯಿತು. ಕೂಗಿ ಹೇಳುವಂತಿರಲಿಲ್ಲ.

ಮೌಶಿ ಮಾತು ನಿಲ್ಲಿಸಿದರು. ಕೊಡವನ್ನು ಕೆಳಗಿಟ್ಟರು. ಹಣೆಗೆ ಕೈ ಅಡ್ಡ ಹಿಡಿದು ಸಾಲು ಸಾಲಾಗಿ ನಮ್ಮನ್ನು ನೋಡಿದರು. ಆಮೇಲೆ ನಾಟಕದ ದನಿ ಬಿಟ್ಟು ನಳದ ಹತ್ತಿರದ ದನಿಯಲ್ಲಿ ಹೇಳಿದರು:

"ಅಯ್ಯ, ಈಗ ತಿಳೀತ ನೋಡ್ರಿ! ಎಲ್ಲಾರೂ ಜೋಡಿ ಜೋಡಿ ಬಂದೀರಿ. ಅತ್ತಿದೇರು ಈಗ ಕಣ್ಣು ಮುಚ್ಚಿಕೊಳ್ರಿ. ಖರೇನ ಮುಚ್ಚಬೇಕು, ಬೆರಳ ಸಂದ್ಯಾಗ ನೋಡಬಾರದು. ಸೊಸಿದೇರು ಲಗೂ ನಕ್ಕು ಮುಗಸ್ತಾರ. ಆಮ್ಯಾಲ ಸೊಸಿದೇರು ಮುಚ್ಚಿಕೊಳ್ಳೂದು, ಅತ್ತಿದೇರು ನಗೂದು. ಮನಿಗೆ ಹೋದಮ್ಯಾಲ ಯಾರೂ ಯಾರನ್ನೂ ಏನೂ ಕೇಳೂಹಂಗಿಲ್ಲ!"

ಮೊದಲು ಎಡಗಡೆ ಒಬ್ಬಳು ನಕ್ಕಳು. ಆಮೇಲೆ ಥೇಟರಿನ ತಗಡು ನಡುಗಿತು. ಅಷ್ಟು ದಿನ ತಡೆಹಿಡಿದಿದ್ದೆಲ್ಲ ಒಮ್ಮೆಲೇ ಹೊರಬಿದ್ದಂತಿತ್ತು. ಅವ್ವ ನಕ್ಕಳು. ಅವಳ ನಗುವಿಗೆ ಅಂಥದೊಂದು ದೊಡ್ಡ ದನಿ ಇದೆಯೆಂದು ನನಗೆ ಗೊತ್ತೇ ಇರಲಿಲ್ಲ. ಪಕ್ಕದಲ್ಲಿ ಆಯಿ ಎರಡೂ ಕಣ್ಣು ಮುಚ್ಚಿಕೊಂಡಿದ್ದಳು, ರೆಪ್ಪೆ ಅದುರುವಷ್ಟು ಗಟ್ಟಿಯಾಗಿ.

ಹಿಂದಿನಿಂದ ಒಬ್ಬ ಮುದುಕಿ ಕೂಗಿದಳು: "ಏ, ನಮ್ಮ ಪಾಳಿ ಯಾವಾಗಬೇ?"

"ತಡೀಬೇ ಯವ್ವಾ, ನಿನ್ನ ಸೊಸಿ ಮದಿವ್ಯಾದಾಗಿಂದ ತಡಕೊಂಡಾಳ!" ಎಂದರು ಮೌಶಿ.

ಪರದೆಯ ಹಿಂದೆ ಅಡವಿ ಸಿದ್ಧವಾಗಿ ಬಹಳ ಹೊತ್ತಾಗಿತ್ತು. ಮಾಲಕರು ಹಗ್ಗ ಬಿಟ್ಟು ಮುಂದೆ ಬಂದು ನಿಂತು ನೋಡುತ್ತಿದ್ದರು. ಗಂಟೆ ಹೊಡೆಯಲಿಲ್ಲ.

ಆ ನಂತರ ಕಂಪನಿಯ ಹ್ಯಾಂಡ್‌ಬಿಲ್ಲಿನಲ್ಲಿ ಅವರ ಹೆಸರಿಗೆ ಬೇರೆಯೇ ಸಾಲು ಬಂತು. ಬಿದಿರಿನ ಪಾತ್ರಕ್ಕೆ ಅವರು ಮತ್ತೆ ಹೋಗಲಿಲ್ಲ. ಗದಗ, ಬಾಗಲಕೋಟೆ, ಸೊಲ್ಲಾಪುರ... ಕ್ಯಾಂಪಿನಿಂದ ಕ್ಯಾಂಪಿಗೆ, ಗಂಡಸರ ಸಭೆಯಲ್ಲೂ ಒಬ್ಬರೇ ನಿಂತರು. ಮದರಾಸಿಗೆ ಹೋಗಿ ಎರಡು ಸಿನಿಮಾಗಳಲ್ಲಿ ಸಣ್ಣ ಪಾತ್ರ ಮಾಡಿ ಬಂದರು. ಹೇಗಿತ್ತು ಎಂದು ಕೇಳಿದರೆ, "ಛಲೋ ಮಂದಿ ತಂಗಿ. ಆದ್ರ ಕ್ಯಾಮರಾ ನಗಂಗಿಲ್ಲಲ್ಲ" ಎಂದರು. ನಾನು ಧಾರವಾಡದಲ್ಲಿ ಎಂ.ಎ. ಓದುವಾಗ ಹಾಸ್ಟೆಲಿನ ಹುಡುಗಿಯರು ಊಟದ ಹೊತ್ತಿಗೆ ಅವರ ಮಾತುಗಳನ್ನು ಹೇಳಿ ಹೇಳಿ ನಗುತ್ತಿದ್ದರು. ಅವರು ನಮ್ಮ ಪಕ್ಕದ ಮನೆಯವರೆಂದು, ಆ ಪುಟಾಣಿ ನಮ್ಮ ಆಯಿಯದೆಂದು ನಾನು ಹೇಳಲಿಲ್ಲ. ತಟ್ಟೆ ನೋಡುತ್ತ ಕೂತಿರುತ್ತಿದ್ದೆ. ನನ್ನಷ್ಟು ಹೆಮ್ಮೆಪಟ್ಟವರು ಆ ಮೇಜಿನಲ್ಲಿ ಇನ್ನೊಬ್ಬರಿರಲಿಲ್ಲ.

ಹೋದ ತಿಂಗಳು ಪತ್ರಿಕೆಯ ಒಳಪುಟದಲ್ಲಿ ಮೌಶಿಯ ಬಗ್ಗೆ ನಾಲ್ಕು ಸಾಲು ಬಂದಿತ್ತು. ಕ್ಯಾಂಪಿನಲ್ಲಿ ಕಾಯಿಲೆ ಬಿದ್ದು ತೀರಿಕೊಂಡರು. ಇಂಥವರೆಂಬ ಹಾಸ್ಯನಟರ ಜೋಡಿಯಾಗಿ ಪಾತ್ರ ಮಾಡುತ್ತಿದ್ದರು. ಅಷ್ಟೇ. ಆಯಿ ಈ ಸುದ್ದಿ ಕೇಳಲು ಇರಲಿಲ್ಲ. ನಾನು ಕತ್ತರಿಸಿ ಪುಸ್ತಕದಲ್ಲಿಟ್ಟೆ. ಯಾರಿಗೂ ಹೇಳಲಿಲ್ಲ, ಹೇಳುವ ಅಭ್ಯಾಸ ನನಗಿಲ್ಲ.

ಆ ಹುಡುಗಿ ನೋಟುಬುಕ್ಕು ತೆಗೆದುಕೊಂಡು ಹೋದ ದಿನ ಸಂಜೆ ಆ ತುಣುಕನ್ನು ಮತ್ತೆ ಓದಿದೆ. ಹತ್ತಾರು ವರ್ಷ ಒಬ್ಬರೇ ನಿಂತವರನ್ನು ಆ ನಾಲ್ಕು ಸಾಲು ಮತ್ತೆ ಬಿದಿರು ಹಿಡಿದ ಆ ಹಾಸ್ಯಗಾರನ ಮಗ್ಗುಲಲ್ಲಿ ನಿಲ್ಲಿಸಿದ್ದವು. ಅವರಿದ್ದಿದ್ದರೆ ಅದರಿಂದಲೂ ಒಂದು ನಗೆಮಾತು ಹುಟ್ಟಿಸುತ್ತಿದ್ದರು. ನನಗೆ ಬರುವುದಿಲ್ಲ... ಅವರು ಇಲ್ಲವೆಂಬುದು ಅಂದು ಸರಿಯಾಗಿ ತಿಳಿಯಿತು.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಹುಬ್ಬಳ್ಳಿಗೆ ಹೋದೆ. ಪತ್ರಿಕೆಯ ಕಚೇರಿಯಲ್ಲಿ ಆಗಷ್ಟೇ ಕಸ ಗುಡಿಸುತ್ತಿದ್ದರು. ಮೇಜಿನ ಹಿಂದಿದ್ದವರು ತುಣುಕನ್ನು ನೋಡಿ, "ತಿಂಗಳಾತಲ್ರೀ ಇದು ಬಂದು. ಏನಾಗಬೇಕ್ರಿ ಅವರು ನಿಮಗ?" ಎಂದರು.

"ಮಗ್ಗಲ ಮನಿಯವರ್ರಿ" ಎಂದೆ.

ಅವರು ಒಂದು ಹಾಳೆ ಮುಂದೆ ಸರಿಸಿದರು. ಮೌಶಿಯ ಹೆಸರನ್ನು ಪೂರ್ತಿ ಬರೆದು, ಇವರು ಪರದೆಯ ಮುಂದೆ ಒಬ್ಬರೇ ನಿಂತು ಜನರನ್ನು ನಗಿಸಿದರು, ನಾನು ನೋಡಿದ್ದೇನೆ ಎಂದು ಬರೆದೆ. ಕೆಳಗೆ ನನ್ನ ಹೆಸರು, ವಿಳಾಸ ಬರೆದುಕೊಟ್ಟು ಎರಡನೆಯ ಪಿರಿಯಡ್ಡಿಗೆ ಧಾರವಾಡಕ್ಕೆ ಮರಳಿದೆ.