ಪೈಪಿನ ಮೊದಲ ನೀರು

ಕುವೈತಿನ ಅಹ್ಮದಿಯಲ್ಲಿ ಬೇಸಿಗೆಯ ಸಂಜೆ ಗಿಡಗಳಿಗೆ ನೀರು ಹಾಯಿಸುವುದಕ್ಕೆ ಒಂದು ಕ್ರಮವಿದೆ. ನಲ್ಲಿ ತಿರುಗಿಸಿದೊಡನೆ ಬರುವುದು ದಿನವಿಡೀ ಬಿಸಿಲಿನಲ್ಲಿ ಪೈಪಿನೊಳಗೆ ಕಾದ ನೀರು. ಅದಕ್ಕೆ ಚಹಾಪುಡಿ ಹಾಕಿದರೆ ಬಣ್ಣ ಬಿಟ್ಟೀತು. ಅದನ್ನು ಮರಳಿಗೆ ಬಿಡಬೇಕು. ಮಣಿಕಟ್ಟಿನ ಒಳಭಾಗಕ್ಕೆ ತಾಗಿಸಿ ನೋಡಿ, ಸುಡುವುದಿಲ್ಲವೆಂದು ಖಚಿತವಾದ ಮೇಲೆಯೇ ಗಿಡದ ಬುಡಕ್ಕೆ ತಿರುಗಿಸಬೇಕು. ಇದನ್ನು ನನಗೆ ಹೇಳಿಕೊಟ್ಟವರು ಕಜೆಟನ್ ಮಥಾಯಸ್. ಅಲ್ಲಿನ ವಸತಿ ಬಡಾವಣೆಯೊಂದರ ಉದ್ಯಾನವನ್ನು ಅವರು ಇಪ್ಪತ್ತೊಂಬತ್ತು ವರ್ಷಗಳಿಂದ ನೋಡಿಕೊಳ್ಳುತ್ತಿದ್ದಾರೆ.

ಉಡುಪಿ ಸಮೀಪದ ಶಂಕರಪುರ ಅವರ ಊರು. ಮಲ್ಲಿಗೆ ಬೆಳೆಯುವ ಮನೆ. ಶಾಲೆಗೆ ಹೋಗುವ ಮುನ್ನ ಮೊಗ್ಗು ಕೊಯ್ದು, ತಾಯಿ ಬಾಳೆನಾರಿನಲ್ಲಿ ಕಟ್ಟುವುದನ್ನು ನೋಡುತ್ತ ಗಂಜಿ ಉಂಡು ಬೆಳೆದವರು. ಅಂಥವರ ಕೈಗೆ ಈ ಮರಳುನಾಡಿನಲ್ಲಿ ಒಂದು ಎಕರೆ ಹುಲ್ಲು, ಬೇಲಿಯುದ್ದಕ್ಕೂ ಕಣಗಿಲೆ, ಬೋರೆ ಮರಗಳ ನೆರಳಿನಲ್ಲಿ ಗುಲಾಬಿಯ ಮೂರು ಸಾಲು ಸಿಕ್ಕಿದವು. ಇಲ್ಲಿ ಹೂವಿನ ಕಾಲವೆಂದರೆ ಚಳಿಗಾಲ. ನವೆಂಬರಿನಲ್ಲಿ ನೆಟ್ಟ ಪೆಟೂನಿಯಾ ಮಾರ್ಚಿನವರೆಗೆ ನೆಲ ಕಾಣದಂತೆ ಅರಳುತ್ತದೆ. ಮೇ ತಿಂಗಳು ಬಂತೆಂದರೆ ಹೂವಿನ ಮಾತೇ ಇಲ್ಲ. ಗಿಡ ಉಳಿದರೆ ಸಾಕು.

ಬಂದ ಮೂರನೆಯ ವರ್ಷ, ತಾಯಿಗೆ ಕಾಯಿಲೆಯೆಂದು ಅವರು ಜುಲೈಯಲ್ಲಿ ಊರಿಗೆ ಹೋಗಬೇಕಾಯಿತು. ಬದಲಿಗೆ ನಿಂತ ಮನುಷ್ಯನಿಗೆ ಪೈಪಿನ ಮೊದಲ ನೀರಿನ ವಿಷಯ ತಿಳಿದಿರಲಿಲ್ಲ. ಕಜೆಟನ್ನರು ಹಿಂದಿರುಗಿದಾಗ ಗುಲಾಬಿಯ ಮೂರು ಸಾಲೂ ಒಣಕಡ್ಡಿ. ಮೇಲ್ವಿಚಾರಕರು ಬೈಯಲಿಲ್ಲ, ಸಾಲುಗಳ ಕಡೆ ಕೈ ತೋರಿಸಿ "ಖಲಾಸ್" ಎಂದರಷ್ಟೆ. ಅಂದಿನಿಂದ ಕಜೆಟನ್ನರು ಬೇಸಿಗೆಯಲ್ಲಿ ರಜೆ ಕೇಳಿದವರಲ್ಲ. ಅವರ ರಜೆ ಯಾವಾಗಲೂ ಕ್ರಿಸ್ಮಸ್ಸಿಗೆ.

ಅವರ ಹೆಂಡತಿ ಬೆಟ್ಟಿ ನಾನು ಪಾಠ ಹೇಳುತ್ತಿದ್ದ ಶಾಲೆಯ ಗ್ರಂಥಾಲಯದಲ್ಲಿ ಕೆಲಸ ಮಾಡುತ್ತಿದ್ದಳು. ನನಗಿಂತ ಹತ್ತು ವರ್ಷ ಚಿಕ್ಕವಳು. ಏಕವಚನವನ್ನು ಅವಳೇ ಕೇಳಿ ಪಡೆದದ್ದು. ನಾನು ನಿವೃತ್ತಳಾಗಿ ಹತ್ತಿರದ ಫಿಂಟಾಸ್ ಊರಿನಲ್ಲಿರುವ ಮಗನ ಮನೆಯಲ್ಲಿ ನೆಲೆಸಿದ ಮೇಲೂ ಶುಕ್ರವಾರ ಅವರಲ್ಲಿಗೆ ಹೋಗುವ ರೂಢಿ ತಪ್ಪಲಿಲ್ಲ.

ಅವರಿಗೆ ಒಬ್ಬಳೇ ಮಗಳು, ಜೋಯ್ಸ್. ನರ್ಸಿಂಗ್ ಕಲಿತು ಜರ್ಮನಿಯ ಹನೋವರ್ ನಗರಕ್ಕೆ ಹೋದಳು. ಅಲ್ಲಿಂದ ಅವಳು ಕಳುಹಿಸುತ್ತಿದ್ದ ಚಿತ್ರಗಳಲ್ಲಿ ಮನುಷ್ಯರಿಗಿಂತ ಮರಗಳೇ ಹೆಚ್ಚು. ಊರಿನ ನಡುವೆಯೇ ಒಂದು ಕಾಡು, ದೋಣಿಗಳು ತೇಲುವ ದೊಡ್ಡ ಕೆರೆ, ಎರಡು ಕಿಲೋಮೀಟರಿನಷ್ಟು ನೇರವಾದ ಸಾಲುಮರದ ದಾರಿ, ಅದರ ತುದಿಯಲ್ಲಿ ಮುನ್ನೂರು ವರ್ಷ ಹಳೆಯ ಅರಸರ ಉದ್ಯಾನ. ಅಲ್ಲಿನ ಕಾರಂಜಿಯ ಚಿತ್ರವನ್ನು ಬೆಟ್ಟಿ ದೊಡ್ಡದಾಗಿ ಮುದ್ರಿಸಿ ಗೋಡೆಗೆ ಹಚ್ಚಿದ್ದಳು.

"ಒಮ್ಮೆ ಇದರ ಬುಡದಲ್ಲಿ ನಿಂತು ತಲೆ ಎತ್ತಿ ನೋಡಬೇಕು ಟೀಚರ್. ಮತ್ತೆ ನನಗೆ ಎಂತದೂ ಬೇಡ."

"ಹೋಗಿ ಬಾ. ಮಗಳು ಕರೀತಿದ್ದಾಳಲ್ಲ."

"ಇವರು ಬರಬೇಕಲ್ಲ. ಇವರಿಗೆ ನಾನು ಎರಡನೇ ಹೆಂಡತಿ. ಮೊದಲನೆಯವಳು ಪೆಟೂನಿಯಾ."

"ಅವಳು ಎದುರು ಮಾತಾಡೋದಿಲ್ಲ," ಎಂದರು ಕಜೆಟನ್ನರು, ಚಹಾ ಲೋಟದಿಂದ ಮುಖ ಎತ್ತದೆ.

ಇದು 2023ರ ಏಪ್ರಿಲಿನ ಮಾತು. ಆ ದಿನವೇ ಬೆಟ್ಟಿ ನನ್ನಿಂದ ಗಂಡನ ರಜೆಯ ಅರ್ಜಿ ಬರೆಸಿದಳು, ಜೂನಿನಲ್ಲಿ ಮೂರು ವಾರ ಎಂದು. ಕಜೆಟನ್ನರು ಅದನ್ನು ಎರಡು ಸಲ ಓದಿ, ಮಡಚಿ, ನನಗೇ ಹಿಂದಿರುಗಿಸಿದರು.

"ಇದು ನಿಮ್ಮಲ್ಲೇ ಇರಲಿ ಟೀಚರ್. ಈ ಬೇಸಿಗೆ ಕಳೆಯಲಿ, ನೋಡುವ."

ಅವರ ಜತೆಗೆ ಕೆಲಸ ಮಾಡುವ ಸಿರಾಜ್ ಕೂಡ ಅಂದು ಅಲ್ಲಿದ್ದ. ವಿಟ್ಲದವನು, ನಲವತ್ತೈದರ ಗೃಹಸ್ಥ, ಉದ್ಯಾನದಲ್ಲಿ ಹನ್ನೊಂದು ವರ್ಷ ಕಳೆದವನು. ನಮ್ಮ ಕರಾವಳಿಯಲ್ಲಿ ಕ್ರೈಸ್ತರನ್ನು ಕರೆಯುವ ಹಾಗೆಯೇ ಅವನು ಕಜೆಟನ್ನರನ್ನು ಪೊರ್ಬುಗಳೆಂದೇ ಕರೆಯುತ್ತಾನೆ.

"ಹೋಗಿ ಬನ್ನಿ ಪೊರ್ಬುಗಳೇ. ಮೊದಲ ನೀರು ಮರಳಿಗೆ, ಎರಡನೇದು ಬುಡಕ್ಕೆ, ಅಷ್ಟೇ ಅಲ್ವಾ? ನಾನಿಲ್ವಾ?"

"ನೀನಿದ್ದೀಯ ಅಂತಲೇ ನನಗೆ ಹೆದರಿಕೆ."

ಎಲ್ಲರೂ ನಕ್ಕೆವು. ನಾನೂ ನಕ್ಕೆ. ಮೂವತ್ತೆರಡು ವರ್ಷ ಮಕ್ಕಳಿಗೆ "ಇಂದಿನ ಪಾಠ ಇಂದೇ" ಎಂದು ಹೇಳಿದ ನಾನು, ಆ ಅರ್ಜಿಯನ್ನು ಕೈಚೀಲದಲ್ಲಿ ಇಟ್ಟುಕೊಂಡು ಮನೆಗೆ ಬಂದೆ. ಒತ್ತಾಯಿಸಲಿಲ್ಲ.

ಅಕ್ಟೋಬರಿನಲ್ಲಿ ಬೆಟ್ಟಿ ಪುಸ್ತಕಗಳ ಬೆನ್ನ ಮೇಲಿನ ಅಂಕಿಗಳನ್ನು ತಪ್ಪಾಗಿ ಓದತೊಡಗಿದಳು. ಸಕ್ಕರೆ ಕಾಯಿಲೆ ಹಳೆಯದು. ಅದು ಎರಡೂ ಕಣ್ಣುಗಳ ಹಿಂದಿನ ಪರದೆಯನ್ನು ಕೆಡಿಸಿದೆ ಎಂದು ವೈದ್ಯರು ಹೇಳಿದರು. ಚಿಕಿತ್ಸೆ ಕೊಡುತ್ತೇವೆ, ಆದರೆ ಎಷ್ಟು ಕಾಲ ದೃಷ್ಟಿ ಉಳಿದೀತೆಂದು ಮಾತು ಕೊಡಲಾರೆವು. ನೋಡಬೇಕೆಂದಿರುವುದನ್ನು ಬೇಗ ನೋಡಿಬಿಡಿ ಎಂದರು.

ಈ ಸಲ ಕಜೆಟನ್ನರು ತಡ ಮಾಡಲಿಲ್ಲ. ತಾವೇ ವೀಸಾಕ್ಕೆ ಓಡಾಡಿದರು. ತಮ್ಮ ವಾಡಿಕೆಯ ರಜೆಯಲ್ಲಿ, ಜನವರಿ ಮೊದಲ ವಾರಕ್ಕೆ ವಿಮಾನದ ಟಿಕೆಟ್ ಮಾಡಿಸಿದರು. ಜೋಯ್ಸ್ ಫೋನಿನಲ್ಲಿ ಬೇಡಿಕೊಂಡದ್ದನ್ನು ನಾನೇ ಕೇಳಿದ್ದೇನೆ.

"ಡ್ಯಾಡಿ, ಪ್ಲೀಸ್, ಮೇ ತಿಂಗಳಲ್ಲಿ ಬನ್ನಿ. ಜನವರಿಯಲ್ಲಿ ಗಾರ್ಡನ್‌ನಲ್ಲಿ ನಥಿಂಗ್."

"ಐವತ್ತು ಡಿಗ್ರಿಯಲ್ಲಿ ನಾನು ಗಿಡ ಉಳಿಸ್ತೇನೆ. ಅರಸರ ತೋಟದವರು ಚಳಿಯಲ್ಲಿ ನಾಲ್ಕು ಹೂವು ಉಳಿಸಿರೋದಿಲ್ವಾ? ತೋಟಗಾರನಿಗೆ ಮಗಳು ಪಾಠ ಹೇಳುವುದು ಬೇಡ."

ಅವರನ್ನು ಮೂರ್ಖರೆಂದು ನಾನು ಹೇಳಲಾರೆ. ಯೂರೋಪಿನ ಚಳಿ ಎಂತಹದೆಂದು ಅವರು ಓದಿ ಬಲ್ಲವರೇ. ಆದರೆ ಸುಮಾರು ಮೂವತ್ತು ವರ್ಷ ಜನವರಿಯಲ್ಲಿ ಹೂವನ್ನೇ ಕಂಡ ಕಣ್ಣು ಓದಿದ್ದನ್ನು ನಂಬುವುದಿಲ್ಲ. ಮೇ ತಿಂಗಳೆಂದರೆ ಅವರ ಮನಸ್ಸಿಗೆ ಬರುವುದು ಕಾದ ಪೈಪು, ಒಣಗಿದ ಸಾಲು.

ಹನೋವರಿನಲ್ಲಿ ಅವರು ಕಂಡದ್ದನ್ನು ಬೆಟ್ಟಿಯೇ ಬಂದು ಹೇಳಿದಳು. ಕಾರಂಜಿಯನ್ನು ನಿಲ್ಲಿಸಿದ್ದರು. ಗುಲಾಬಿಗಳ ಬುಡಕ್ಕೆ ಮಣ್ಣೇರಿಸಿ ಮೇಲೆ ಸೊಪ್ಪಿನ ಕೊಂಬೆ ಹೊದಿಸಿದ್ದರು. ಕುಂಡದಲ್ಲಿ ಬೆಳೆಸಿದ ಕಿತ್ತಳೆ ಮರಗಳು ಒಳಗಿನ ಹಜಾರ ಸೇರಿದ್ದವು. ಉಳಿದದ್ದು ಗೆರೆ ಎಳೆದಂತೆ ಕತ್ತರಿಸಿದ ಬೇಲಿ, ಜಲ್ಲಿಕಲ್ಲಿನ ದಾರಿ, ಮುಖಕ್ಕೆ ಹೊಡೆಯುವ ಗಾಳಿ.

"ಮರಗಳೆಲ್ಲ ನಮ್ಮ ಶಾಲೆಯ ಅಸೆಂಬ್ಲಿ ಹಾಗೆ ಸಾಲಾಗಿ ನಿಂತಿದ್ದವು ಟೀಚರ್. ಆದರೆ ಯಾರಿಗೂ ಯೂನಿಫಾರ್ಮ್ ಇಲ್ಲ. ಎದುರಿನ ತೋಟದ ಗಾಜಿನ ಮನೆಯೊಳಗೆ ಆರ್ಕಿಡ್ ಅರಳಿತ್ತು. ನೋಡಿದರೆ ನಮ್ಮ ಶಿರ್ವದ ತವರುಮನೆಯ ಹಲಸಿನ ಮರದಲ್ಲಿದ್ದ ಸೀತಾಳೆ ದಂಡೆಯ ನೆಂಟರೇ. ಅದನ್ನು ನೋಡ್ಲಿಕ್ಕೆ ಜರ್ಮನಿಗೆ ಹೋದೆ ನಾನು."

ಅವಳು ನಕ್ಕಳು. ಕಜೆಟನ್ನರು ಎದ್ದು ಅಡುಗೆಮನೆಗೆ ಹೋಗಿ ಚಹಾಕ್ಕೆ ನೀರಿಟ್ಟರು.

ಮಾರ್ಚಿನ ಒಂದು ಬೆಳಿಗ್ಗೆ ಅವಳ ಎಡಗಣ್ಣಿನೊಳಗೆ ರಕ್ತ ಹರಡಿತು. ಬಲಗಣ್ಣಿನಲ್ಲಿ ಬೆಳಕು ನೆರಳಿನ ಭೇದವಷ್ಟೇ ಉಳಿಯಿತು. ಶಸ್ತ್ರಕ್ರಿಯೆಯಿಂದ ಹೆಚ್ಚು ಪ್ರಯೋಜನವಾಗಲಿಲ್ಲ. ಏಪ್ರಿಲಿನಲ್ಲಿ ಕಜೆಟನ್ನರು ಫಿಂಟಾಸಿಗೆ ಒಬ್ಬರೇ ಬಂದರು. ಕುಳಿತುಕೊಳ್ಳಲಿಲ್ಲ.

"ಟೀಚರ್, ಆ ಅರ್ಜಿ ಉಂಟಾ?"

ಇತ್ತು. ಇಸವಿಯೊಂದನ್ನು ಬದಲಿಸಿ ಹೊಸದಾಗಿ ಬರೆದುಕೊಟ್ಟೆ. ಇಷ್ಟು ವರ್ಷ ಕೇಳದ ರಜೆಯನ್ನು ಮೇಲಿನವರು ಒಂದೇ ದಿನದಲ್ಲಿ ಮಂಜೂರು ಮಾಡಿದರು.

ಜೂನಿನ ಹನೋವರಿನಲ್ಲಿ ಎಲ್ಲವೂ ಇತ್ತು. ಸಾಲುಮರಗಳು ಹೂ ಬಿಟ್ಟು ದಾರಿಯುದ್ದಕ್ಕೂ ಜೇನಿನ ವಾಸನೆ. ಗುಲಾಬಿ ಇತ್ತು, ಬೆಟ್ಟಿ ಮುಟ್ಟಿ ನೋಡಿದಳು. ಕಾರಂಜಿಯ ಬಳಿ ಗಂಡನ ತೋಳು ಹಿಡಿದು ನಿಂತು, ತಲೆ ಎತ್ತಿದಳು. ತುಂತುರು ಮುಖಕ್ಕೆ ಬಿತ್ತು.

"ಎಷ್ಟು ಎತ್ತರ ಹೋಗ್ತದೆ?"

"ನಮ್ಮ ಇಗರ್ಜಿಯ ಗಂಟೆಗೋಪುರಕ್ಕಿಂತ ಎತ್ತರ."

"ಎಷ್ಟು ಗೋಪುರ?"

"ಮೂರು."

"ಸುಳ್ಳು ಹೇಳ್ಬೇಡಿ."

"ಮೂರು, ಬೆಟ್ಟಿ. ದೇವರಾಣೆ, ಮೂರು."

ಇದನ್ನು ನನಗೆ ಹೇಳಿದವಳು ಜೋಯ್ಸ್. ಡ್ಯಾಡಿ ಆಮೇಲೆ ಬೆಂಚಿನ ಮೇಲೆ ಕುಳಿತು, ಕಾರಂಜಿಗೆ ಬೆನ್ನು ಹಾಕಿದರು ಎಂದಳು.

ಮೂರು ವಾರ ಮುಗಿಸಿ ಅವರು ಹಿಂದಿರುಗಿದಾಗ ಜುಲೈ ಆರಂಭ. ಕುವೈತಿನಲ್ಲಿ ಧೂಳುಗಾಳಿ, ನೆರಳಿನಲ್ಲೂ ನಲವತ್ತೊಂಬತ್ತು. ಬೆಟ್ಟಿಯನ್ನು ಮನೆಯಲ್ಲಿ ಬಿಟ್ಟು, ಪೆಟ್ಟಿಗೆಯನ್ನೂ ಬಿಚ್ಚದೆ ಕಜೆಟನ್ನರು ನೇರ ಉದ್ಯಾನಕ್ಕೆ ನಡೆದರು. ಸಿರಾಜ್ ಗೇಟಿನಲ್ಲೇ ಕಾದಿದ್ದ.

"ಬನ್ನಿ ಪೊರ್ಬುಗಳೇ, ಎಣಿಸಿ ತಗೊಳ್ಳಿ."

ಕಜೆಟನ್ನರು ನಿಜವಾಗಿಯೂ ಒಂದೊಂದು ಗಿಡದ ಬಳಿಯೂ ನಿಂತರು. ಗುಲಾಬಿಯ ಮೂರು ಸಾಲಿನ ಮಣ್ಣಿಗೂ ಎರಡನೆಯ ಗೆಣ್ಣಿನವರೆಗೆ ಬೆರಳಿಳಿಸಿ ನೋಡಿದರು. ಮಣ್ಣು ಒದ್ದೆ. ಎಲೆಯ ಅಂಚು ಕೂಡ ಸುಟ್ಟಿರಲಿಲ್ಲ. ಬೋರೆ ಮರದ ಬುಡದ ಗಿಡವೊಂದು ಅಕಾಲದಲ್ಲಿ ಒಂದು ಸಣ್ಣ ಮೊಗ್ಗನ್ನೂ ಹೊತ್ತಿತ್ತು.

ಸಿರಾಜ್ ಕಾಯುತ್ತಿದ್ದ. "ಎಂತ, ತಪ್ಪುಂಟಾ?"

"ಇಲ್ಲ. ಚೆನ್ನಾಗಿ ನೋಡಿಕೊಂಡಿದ್ದೀಯ."

"ಮತ್ತೆ ಯಾಕೆ ಮುಖ ಹೀಗೆ?"

ಕಜೆಟನ್ನರು ಅವನ ಭುಜದ ಮೇಲೆ ಕೈಯಿಟ್ಟರಂತೆ.

ಮುಂದಿನ ಶುಕ್ರವಾರ ನಾನು ಹೋದಾಗ ಅವರು ಬಾಗಿಲಲ್ಲೇ ನನ್ನನ್ನು ತಡೆದು, ದನಿ ತಗ್ಗಿಸಿ ಹೇಳಿದರು: "ಒಂದೇ ಒಂದು ಗಿಡ ಸತ್ತಿದ್ದರೂ ನನಗೆ ಸಮಾಧಾನ ಇತ್ತು ಟೀಚರ್. ಒಂದೂ ಸಾಯಲಿಲ್ಲ. ಹೋದ ವರ್ಷ ಬಿಟ್ಟುಹೋಗಿದ್ದರೂ ಅವನು ಹೀಗೇ ನೋಡಿಕೊಳ್ತಿದ್ದ. ಅದರ ಹಿಂದಿನ ವರ್ಷವೂ."

ಹಳೆಯ ಅರ್ಜಿ ಇನ್ನೂ ನನ್ನ ಕಪಾಟಿನಲ್ಲಿದೆ ಎಂಬುದನ್ನು ನಾನು ಅವರಿಗೆ ಹೇಳಲಿಲ್ಲ.

ಈಗ ಬೆಟ್ಟಿ ಸಂಜೆಯ ಹೊತ್ತು ಉದ್ಯಾನದ ಬೆಂಚಿನ ಮೇಲೆ ಕುಳಿತಿರುತ್ತಾಳೆ. ಕಜೆಟನ್ನರು ನಲ್ಲಿ ತಿರುಗಿಸಿ, ಪೈಪಿನ ಬಾಯಿಯನ್ನು ಮರಳಿಗೆ ಹಿಡಿದು ಅವಳ ಬಳಿಗೆ ತರುತ್ತಾರೆ. ಅವಳು ಮಣಿಕಟ್ಟನ್ನು ಚಾಚುತ್ತಾಳೆ.

"ಆಯ್ತಾ?" ಎನ್ನುತ್ತಾರೆ ಅವರು.

"ಇನ್ನೂ ಬಿಸಿ ಉಂಟು. ನಿಲ್ಲಿ," ಎನ್ನುತ್ತಾಳೆ ಅವಳು.

ಅವರು ನಿಲ್ಲುತ್ತಾರೆ. ನೀರು ಮರಳಿನಲ್ಲಿ ಇಂಗುತ್ತದೆ.