ಕೌದಿಗೆ ನಾನು ಹೇಳಿದ ‘ನೈಸ್’

ನನ್ನ ದಿನಚರಿಯಲ್ಲಿ ದಿನಕ್ಕೊಂದು ಇಂಗ್ಲಿಷ್ ಪದ ಇರುತ್ತದೆ. ಅದರ ಅರ್ಥ, ಹುಟ್ಟು, ಅಂದು ಅದನ್ನು ಎಷ್ಟು ಸಲ ಆಡಿದೆ ಎಂಬುದಕ್ಕೆ ಗೀಟುಗಳು.

ಜನವರಿ ಹನ್ನೊಂದು, ರವಿವಾರದ ಪದ ‘ನೈಸ್’. ಇಪ್ಪತ್ತಮೂರು ಗೀಟು. ಚಹಾಕ್ಕೆ, ಗೆಳತಿಯ ಫೋಟೋಕ್ಕೆ, ಯಾರದೋ ಹೊಸ ಸ್ಕೂಟಿಗೆ. ಇಪ್ಪತ್ತೆರಡನೆಯದು ಅತ್ತೆಯ ಕೌದಿಗೆ.

ಅಪ್ಪನ ಅಕ್ಕ ಅಂದು ಕಟಕೋಳದಿಂದ ಬೈಲಹೊಂಗಲದ ನಮ್ಮ ಮನೆಗೆ ಬಂದಿದ್ದಳು. ಮನೆಮಂದಿಯ ಹಳೆಯ ಬಟ್ಟೆ ಕತ್ತರಿಸಿ, ವರ್ಷಪೂರ್ತಿ ಕೈಯಲ್ಲೇ ಹೊಲಿದ ಕೌದಿಯನ್ನು ನನ್ನ ಮುಂದೆ ಹಾಸಿದಳು.

“ಹೆಂಗೈತಿ ಯವ್ವಾ?”

“ನೈಸ್ ಐತಿ ಅತ್ತಿ.” ನನ್ನ ಕಣ್ಣು ಮೊಬೈಲಿನಲ್ಲಿತ್ತು.

“ನೈಸ್ ಅಂದ್ರ?”

“ಚಲೋ ಅಂತ.”

ಅಷ್ಟಕ್ಕೇ ಅವಳ ಮುಖ ಅರಳಿತು. ಕೌದಿ ಮಡಚಿ ನನ್ನ ಮಂಚದ ಮೇಲಿಟ್ಟಳು. ನಾನು ಬಿಚ್ಚಲಿಲ್ಲ.

ದಿನಚರಿಯಲ್ಲಿ ಪದದ ಹುಟ್ಟು ಬರೆಯುವ ಜಾಗ ಅಂದು ಖಾಲಿ ಉಳಿದಿತ್ತು. ಶನಿವಾರ ಗ್ರಂಥಾಲಯದ ದಪ್ಪ ನಿಘಂಟಿನಿಂದ ಬರೆದುಕೊಂಡೆ. ಲ್ಯಾಟಿನ್ನಿನಲ್ಲಿ ‘ತಿಳಿಯದವನು’. ಫ್ರೆಂಚ್ ದಾಟಿ ಇಂಗ್ಲಿಷಿಗೆ ಬಂದಾಗ ‘ದಡ್ಡ’. ಆಮೇಲೆ ನಾಚುವವನು, ನಾಜೂಕಿನವನು, ಸೂಕ್ಷ್ಮವಾದದ್ದು; ಕೊನೆಗೆ, ಹಿತವಾದದ್ದು. ಬರೆಯುತ್ತಿದ್ದಾಗ ಕೌದಿಗೆಂದು ಹಾಕಿದ ಇಪ್ಪತ್ತೆರಡನೆಯ ಗೀಟು ಕಣ್ಣಿಗೆ ಬಿತ್ತು. ಮನೆಗೆ ಹೋಗಿ ಕೌದಿ ಬಿಚ್ಚಿದೆ. ಅರವತ್ತನಾಲ್ಕು ತುಂಡು. ಗುರುತು ಸಿಕ್ಕಿದ್ದು ಒಂದೇ, ನನ್ನ ಶಾಲೆಯ ನೀಲಿ ಲಂಗದ್ದು.

ಮರುದಿನ ತಪ್ಪು ಒಪ್ಪಿಕೊಳ್ಳಲೆಂದು ಕೌದಿ ಹಿಡಿದು ಕಟಕೋಳಕ್ಕೆ ಹೋದೆ. ಅತ್ತೆ ನೆರೆಯಾಕೆಯ ಜೊತೆ ಕಟ್ಟೆಯ ಮೇಲೆ ಕುಳಿತಿದ್ದಳು. ನನ್ನ ಕೈಯಲ್ಲಿ ಕೌದಿ ಕಂಡು ಗಾಬರಿಯಾದಳು.

“ಯಾಕ, ಹೊಲಿಗಿ ಬಿಚ್ಚಿತೇನ?”

“ಇಲ್ಲತ್ತಿ.”

ನೆರೆಯಾಕೆ ನಕ್ಕಳು. “ಇಕಿನ ಏನ ನೈಸ್ ಅಂದಾಕಿ? ವಾರ ಆತು, ನಿಮ್ಮತ್ತಿ ಓಣ್ಯಾಗೆಲ್ಲ ಸಾರಿಕೊಂತ ಅಡ್ಡ್ಯಾಡಾಕ ಹತ್ಯಾಳ. ಕೇಳಿ ಕೇಳಿ ನಮ್ಮ ಕಿವಿ ತೂತ ಬಿದ್ದಾವ.”

“ನಿನಗ ಹೊಟ್ಟಿಕಿಚ್ಚ,” ಎಂದ ಅತ್ತೆ ನನ್ನತ್ತ ತಿರುಗಿದಳು. “ಇಕಿ ಮುಂದ ಇನ್ನೊಮ್ಮಿ ಅನ್ನವಾ.”

ನೋಡದೆಯೇ ಅಂದೆ ಎಂದು ಆ ಮುಖಕ್ಕೆ ಹೇಗೆ ಹೇಳುವುದು? ಕೌದಿ ಹಾಸಿ, ಒಂದು ಕಡುಗೆಂಪು ತುಂಡಿನ ಮೇಲೆ ಬೆರಳಿಟ್ಟೆ. “ಇದು ನಿನ್ನ ಸೀರಿ ಅಲ್ಲಾ ಅತ್ತಿ?”

“ಅಯ್ಯ ಹುಚ್ಚಿ, ಅದು ನಿಮ್ಮವ್ವಂದು. ನಿನ್ನ ತೊಟ್ಟಿಲದಾಗ ಹಾಕಿದಾಗ ಉಟ್ಟಿದ್ದು.”

“ಹಡದಾಕಿ ಸೀರಿದೂ ಗುರ್ತ ಇಲ್ಲ ನೋಡ!” ನೆರೆಯಾಕೆ ಅಂದಳು.

ಅತ್ತೆ ನನ್ನ ಕೈ ಎಳೆದು ಪಕ್ಕ ಕೂರಿಸಿಕೊಂಡಳು. “ಗೊತ್ತಿಲ್ಲಂದ್ರ ಕೇಳಬೇಕು. ಕುಂದರು, ನಾ ಹೇಳತೇನಿ.”

ಮೂಲೆಯಿಂದ ಶುರು ಮಾಡಿದಳು. ಅಜ್ಜನ ಧೋತರ, ಅಪ್ಪನ ಮೊದಲ ಅಂಗಿ. ನಲವತ್ತೈದನೆಯ ತುಂಡು ಮುಗಿಯುವಾಗ ಕೊನೆಯ ಬಸ್ಸಿನ ಹೊತ್ತಾಯಿತು. ತಪ್ಪಾಯಿತು ಎನ್ನುವ ಮಾತು ಆಗಲೂ ಹೊರಬರಲಿಲ್ಲ. ಉಳಿದ ಹತ್ತೊಂಬತ್ತನ್ನು ಕೇಳಲು ಬರುತ್ತೇನೆಂದು ಹೇಳಿ, ಕೌದಿಯನ್ನು ಅವಳ ಮಡಿಲಲ್ಲೇ ಬಿಟ್ಟು ಬಂದೆ.